ಹುಬ್ಬಳ್ಳಿ ಗಾಡಿ ಬರೂದರೊಳಗ ಇಂಗ್ಲೀಷ

...ಪ್ಲೇ ಅನ್ನಬ್ಯಾಡೋ ಭೀಮಸಿ, ನಿನ್ನ ಕೈ ಮುಗೀತೀನಿ! ಈಸಬೀಳೂದಕ್ಕ ಪ್ಲೇ ಅಂದ್ರ ರೈಲ್ವೆ ಸಾಹೇಬ ನಿಂತ ಕಾಲಮ್ಯಾಲ ಹೊರಗ ಹಾಕ್ತಾನ. 'ಐ ಪ್ಲೇ ಸ್ವಿಮ್ಮಿಂಗ್' ಅಂತ! ಯಪ್ಪಾ... ಗೋ ಅನ್ನಬೇಕು, ಗೋ. ಐ ಗೋ ಸ್ವಿಮ್ಮಿಂಗ್. ಎಲ್ಲಿಗೆ ಹೋಗೂದು ಅಂತ ಕೇಳಬ್ಯಾಡ. ಹೊಳಿಗೆ ಹೋಗು, ಬಾವಿಗೆ ಹೋಗು, ಇಂಗ್ಲೀಷನ್ಯಾಗ ಸುಮ್ನ ಹೋಗಬೇಕಷ್ಟ.

ಯಾಕ ನಗತಿ? ನಗೂವಂಥಾದ್ದೇನೈತಿ ಇದರಾಗ? ಮುಂಜಾನೆ ಯಡೂರಾಗ ಹಲಗಿ ಬಡದು, ಹಾರಾ ಹಾಕಿ, ಆರತಿ ಎತ್ತಿ ಕಳಿಸಿದ್ರು ನಿನ್ನ. "ಅಪ್ಪಾಸಾಬ ಕಾಕಾ, ನಿಮಗ ಇಂಗ್ಲೀಷ ಬರ್ತೈತಿ, ಚಿಕ್ಕೋಡಿ ಬಸ್ ಸ್ಟ್ಯಾಂಡ ತನಕ ಹೋಗಿ ಹುಡುಗಗ ನಾಕ ಮಾತ ಕಲಿಸಿ, ಹುಬ್ಬಳ್ಳಿ ಗಾಡಿ ಹತ್ತಿಸಿ ಬರ್ರಿ" ಅಂತ ನನ್ನ ಬೆನ್ನಿಗೆ ಕಟ್ಟಿದ್ರು. ಕಟ್ಟಿದ್ರಲಾ, ಈಗ ಕೇಳು.

ನಾಳೆ ಸಾಹೇಬ ಮದಲ ಕೇಳೂದ ಇದು. ಏನೇನ ಆಟ ಆಡ್ತಿ, ಬಿಡುವಿದ್ದಾಗ ಏನ ಮಾಡ್ತಿ. ಆಟಗಾರ ಅಂತ ರೈಲ್ವೆದಾಗ ನೌಕರಿ ಕೊಡಾಂವ ಅದನ್ನ ಬಿಟ್ಟ ಮತ್ತೇನ ಕೇಳ್ತಾನ? ಅಲ್ಲೇ ಎಡವೂದು ಮಂದಿ. ನಮ್ಮಲ್ಲೇನು, ದಂಡ ಹೊಡೀತೀವಿ, ಕುಸ್ತಿ ಹಿಡೀತೀವಿ, ಇಸ್ಪೀಟ ಆಡ್ತೀವಿ, ಹೊಳ್ಯಾಗ ಈಸ ಬೀಳ್ತೀವಿ. ಯಾವ ಆಟಕ್ಕ ಯಾವ ಮಾತ ಅಂತ ಯಾರರ ಕೂಡಿಸಿ ಕಲಿಸ್ಯಾರೇನು? ಅವ್ವನ ಸೆರಗ ಹಿಡಕೊಂಡ ಬಂದ ಮಾತು. ಇಂಗ್ಲೀಷಿಗೆ ನಮಗ ಅವ್ವ ಎಲ್ಲಿ ಅದಾಳೋ? ಆ ಗೋರಾ ಮಂದಿ ಒಂದೊಂದ ಆಟಕ್ಕ ಒಂದೊಂದ ಗೂಟ ಬಡದ ಇಟ್ಟಾರ. ತಪ್ಪ ಗೂಟಕ್ಕ ಕಟ್ಟಿದಿ, ಮುಗೀತು. ನಾ ಪುಣೇದಾಗ ಗೋರಾ ಸಾಹೇಬನ ಬಂಗಲೇದಾಗ ಇದ್ದಾಗ, ಅಲ್ಲಿ ಅಡಗಿಯಾಂವ ಒಬ್ಬ 'ಐ ಗೋ ಕ್ರಿಕೆಟ್' ಅಂದಿದ್ದಕ್ಕ ಸಂಜಿಕೇ ಅವನ ಗಂಟಮೂಟಿ ಗೇಟಿನ ಹೊರಗ! ...ಏನು? ಹೋದ ಸಲ ಮುಂಬೈ ಅಂದಿದ್ನಾ? ಪುಣೆ ಆತು ಮುಂಬೈ ಆತು, ಎರಡೂ ಒಂದ ರೈಲಿನ ಹಾದಿ ಬಿಡು.

ಅದಕ್ಕ ನಾ ಹೇಳೂದು... ಈ ಸಲ ಬ್ಯಾಡ. ಮುಂದಿನ ವರ್ಷ ಹೋಗು. ಯಡೂರ ಗಾಡಿ ಇನ್ನೂ ಅಲ್ಲೇ ನಿಂತೈತಿ ನೋಡು, ಡ್ರೈವರ ಚಾ ಕುಡ್ಯಾಕತ್ತಾನ. ಹತ್ತಿ ಹೋಗಿಬಿಡೂಣು. ಸಾಹೇಬಗ ಜ್ವರಾ ಬಂದಾವಂತ ಅಂತ ಊರಾಗ ನಾ ಹೇಳ್ತೀನಿ. ಸುಳ್ಳಿನ ಕೆಲಸ ನನಗ ಬಿಡು.

ಹಂಗ ನೋಡಬ್ಯಾಡ. ಗೊತ್ತೈತಿ, ಹಲಗಿ ಬಡಿಸಿಕೊಂಡ ಬಂದಾಂವ ಹೊಳ್ಳಿ ಹೋದ್ರ ಮಾರಿ ಎಲ್ಲಿ ಇಟ್ಟಕೊಳ್ಳಲಿ ಅಂತಿ. ಹೊಳ್ಳಿ ಹೋಗೂ ಮಾತ ಇಲ್ಲ? ಕಲತ ಬಿಡ್ತಿ, ಗಾಡಿ ಬರೂದರೊಳಗ? ಬರೋಬ್ಬರಿ. ಹೇಳು ಹಂಗಾದ್ರ. ಕಬಡ್ಡಿ? ...ಪ್ಲೇ ಕಬಡ್ಡಿ. ಹೂಂ. ಕ್ಯಾರಮ್? ...ಪ್ಲೇ. ಸೈಕಲ್ ಹೊಡೆಯೂದು? ...ಗೋ ಸೈಕ್ಲಿಂಗ್?! ಅದನ್ನ ನಾ ಹೇಳೇ ಇಲ್ಲಲೋ! ಯೋಗಾಸನ? ಗೋ ಯೋಗಾ ಅನ್ನು. ...ಅಲ್ಲಾ? ಡೂ ಯೋಗಾ? ಯಾರ ಹೇಳಿದ್ರು ನಿನಗ?

ಪಾರಿಸ ಮಾಸ್ತರ! ಸಾಳಿ ಬಿಟ್ಟ ಮ್ಯಾಲ ದಿನಾ ಕೂಡಿಸಿಕೊಂಡ ಹೇಳ್ಯಾರ? ಎದುರಾಳಿ ಇದ್ರ, ಚಂಡ ಇದ್ರ ಪ್ಲೇ. ಮನಿ ಬಿಟ್ಟ ಹೋಗಿ ಮಾಡೂದಾದ್ರ ಗೋ. ಮೈ ದಣಿಸೂದಾದ್ರ ಡೂ... ಮತ್ತ ಕುಸ್ತಿಗೆ? ಆಂ? ಈ ಮೂರೂ ಬ್ಯಾಡಂತ? ಅದಕ್ಕ ಅದರದ ಸ್ವಂತ ಮಾತ ಐತಂತ? 'ಐ ರೆಸಲ್.' ...ಇನ್ನೊಮ್ಮೆ ಅನ್ನು. ...ಚಲೋ ಅಂತೀಯೋ. ಯವ್ವಾ, ಎಷ್ಟ ಚಲೋ ಅಂತಿ!

ಹಣಿ ಯಾಕ ಬಡಕೊಂಡೆ ಅಂತಿ? ನೊಣ ಕುಂತಿತ್ತು. ನೊಣಾನೋ, ಈ ಸ್ಟ್ಯಾಂಡ ತುಂಬ ನೊಣ ಅದಾವು.

ಅಲ್ಲೋ, ಸಾಹೇಬಂದಂತ ಬಂದ ಆ ಫೋನರ ನೆಟ್ಟಗ ಕೇಳಿದ್ಯಾ ನೀ? ಊರಿಗೊಂದ ಫೋನು, ಅದೂ ಸೊಸಾಯ್ಟ್ಯಾಗ, ಮಾತಿಗಿಂತ ಗರಗರಾನ ಹೆಚ್ಚು. ಹುಬ್ಬಳ್ಳಿ ಅಂದ್ರೋ ಹುಕ್ಕೇರಿ ಅಂದ್ರೋ! ನೀ ಅಂತೂ 'ಬುಧವಾರ ಬಾ ಅಂದ್ರು' ಅನ್ನೂದೊಂದ ಬಿಟ್ಟ ಯಾರ ಮುಂದೂ ಬಾಯಿ ಬಿಡವಲ್ಲಿ. ಮತ್ತೇನ ಕೇಳಿದ್ರೋ ಅಂದ್ರ ಹೊಸಾ ಮದಲಗಿತ್ತಿ ಹಂಗ ನಾಚಕೋತಿ. ನೋಡು, ಈಗೂ ಕಿವಿ ಕೆಂಪಗಾದುವು.

ನಾ ಏನಂತೀನಂದ್ರ, ದೊಡ್ಡ ಮಂದಿ ಮಾತ ಅಷ್ಟ ನಂಬಬಾರದು. ಮುರಗೆಪ್ಪಂದ ನೆನಪೈತಿಲ್ಲ? ಸರ್ಕಸ್ಸಿನ ಆನಿ ಗೂಡ್ಸ ಗಾಡ್ಯಾಗ ಬರ್ತೈತಿ, ಮೇವ ತಗೊಂಡ ಹೋಗು ಅಂತ ಹೇಳಿ, ಕಬ್ಬಿನ ಹೊರಿ ಹೊರಿಸಿ ರಾಯಬಾಗ ಟೇಸನ್ನಿಗೆ ಕಳಿಸಿದ್ದೆ. ಬಿಸಲಾಗ ನಿಂತಾ, ನಿಂತಾ, ಬಂದ ಬಂದ ಡಬ್ಬಿಗೆಲ್ಲಾ ಇಣಿಕಿ ನೋಡಿದ್ನಂತ! ನಗು, ನಗು. ಇಡೀ ಊರ ನಕ್ಕಿತ್ತು. ಮುರಗೆಪ್ಪನೂ ನಕ್ಕಾ... ನಕ್ಕನೋ ಇಲ್ಲೋ? ಅವತ್ತಿನಿಂದ ಅಂವ ನಮ್ಮ ಕಟ್ಟಿಗೆ ಬಂದಾನೇನು? ಬಂದಿಲ್ಲ ಅಲ್ಲಾ... ನಾ ಅದನ್ನ ವಿಚಾರನ ಮಾಡಿದ್ದಿಲ್ಲ ನೋಡು.

ಭೀಮಸಿ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ. ನೌಕರಿ ಸಿಗಲಿಲ್ಲಂದ್ರ? ಸಕ್ರಿ ಫ್ಯಾಕ್ಟರ್‍ಯಾಗ ವಾಚಮನ್ ಕೆಲಸಂತೂ ಐತಿ ನಿನಗ... ಬಿಟ್ಟಿ? ಯಾವಾಗ? ಬಿಟ್ಟ ಬರೂ ಮುಂದ ಮುಕಾದಮಗ ಏನಂದಿ? ...ಹಂಗಂದ್ಯಾ! ಹಂಗಂದ ಮ್ಯಾಲ ಅಂವ ಮತ್ತ ಗೇಟಿನೊಳಗ ಬಿಡ್ತಾನೇನೋ!

ಮತ್ತ ಈ ಸಫಾರಿ? ಈ ಬೂಟು? ಹೊಸಾವು ಅದಾವು. ನಿಮ್ಮವ್ವ ಸತ್ತೆವ್ವನ ಕಡೆ ರೊಕ್ಕ ಎಲ್ಲಿಂದ... ಚಂದ್ರಿನ್ನ ಮಾರಿದ್ಳು? ಎಮ್ಮಿನ್ನ? ನಿನ್ನ ಖುರಾಕಿನ ಎಮ್ಮೀನೋ ಅದು! ಆ ಹಾಲ ಕುಡದ ನೀ ಇಷ್ಟ ಎತ್ತರ ಆಗಿ! ಬಾ ಅಂದಿದ್ದ ಸಾಹೇಬ, ಎಮ್ಮಿ ಮಾರಿ ಬಾ ಅಂದಿದ್ನೇನೋ?

ಇಲ್ಲ. ಒದರಾಕತ್ತಿಲ್ಲ ನಾ. ಮಂದಿ ನೋಡಿದ್ರ ನೋಡಲಿ. ಕೂಡ್ರು, ಇಲ್ಲೇ ಕೂಡ್ರು.

ಕಡೇದ ಒಂದ ಪರೀಕ್ಷಾ. ನಾ ಸಾಹೇಬ, ನೀ ಪೈಲವಾನ. ಇದರಾಗ ತೊದಲಿದಿ ಅಂದ್ರ ಸುಮ್ಮನ ನನ್ನ ಕೂಡ ಊರಿಗೆ ಬರಬೇಕು. ಕೊಡು ಕೈಯಾಗ ಕೈ. ಹಾಂ. ಸಾಹೇಬರ ದನಿ ಹ್ಯಾಂಗಿರ್ತೈತಿ ಗೊತ್ತೇನು, ಕೇಳಿದ್ರ ಕಲತಿದ್ದೆಲ್ಲಾ ಮರೀಬೇಕು ನೀ! ಹಿಂಗ ಮೂಗಿನ್ಯಾಗ... ಉಹ್ಹುಂ, ಉಹ್ಹುಂ. 'ಭೀಮಸಿ ಪೈಲವಾನ್? ಕ್ಯಾ ಕ್ಯಾ ಖೇಲತೇ ಹೋ?' ಇಂಗ್ಲೀಷನ್ಯಾಗ ಹೇಳು! ...'ಐ ರೆಸಲ್. ಐ ಗೋ ಸ್ವಿಮ್ಮಿಂಗ್.' 'ಶಾಬಾಸ್! ದೂಧ್ ಪೀತೇ ಹೋ ನಾ ಪೈಲವಾನ್? ಭೈಂಸ್ ಕಾ, ಯಾ ಅಬ್ ಭೀ ಮಾಂ ಕಾ?' ಖೀ ಖೀ ಖೀ...

ಹೂಂ, ಹೇಳು. ...ಗಪ್ಪ ಯಾಕಾದಿ? ತೊದಲಿದಿ, ಸೋತಿ! ನಡಿ ಊರಿಗೆ. ...ಯಾಕ ಹಂಗ ನೋಡಾಕತ್ತಿ? ಎಮ್ಮಿ ಹಾಲೋ, ಇನ್ನೂ ಅವ್ವನ ಹಾಲೋ ಅಂತ... ಸಾಹೇಬ ಫೋನಿನ್ಯಾಗ ಚ್ಯಾಷ್ಟಿ ಮಾಡಿದ್ದ ಅಲ್ಲಾ, ಅದ... ನೀನ ಹೇಳಿದ್ಯಲ್ಲೋ, ತಾಲೀಮಿನ್ಯಾಗ. ಹೇಳಿಲ್ಲ? ಪಾರಿಸ ಮಾಸ್ತರ ಮುಂದ ಹೇಳಿರಬೇಕು, ಅವ್ರು ನನಗ... ಅಲ್ಲ? ನಿಮ್ಮವ್ವನ ಮುಂದ?

...ಯಾರ ಮುಂದೂ?

ಹಂಗಾದ್ರ ಗಾಳ್ಯಾಗ ಬಂದಿರಬೇಕು ಮಾತು. ನಿಪ್ಪಾಣಿಯಿಂದ ಫೋನ ಹಚ್ಚಿದ್ರ ನಡುವ ಎಷ್ಟ ಮಂದಿ ಕೇಳ್ತಾರ... ಹುಬ್ಬಳ್ಳಿ. ಹುಬ್ಬಳ್ಳಿ ಅಂದೆ. ನಾ ಹುಬ್ಬಳ್ಳಿ ಅಂತ ಅಂದೆ.

ಭೀಮಸಿ.

ಚ್ಯಾಷ್ಟಿಗೆ ಮಾಡಿದ್ದೋ ಆ ಫೋನು. ಅವತ್ತ ಸಂಜೀಕ ಹೇಳಿ ನಗಬೇಕಂತ ಮಾಡಿದ್ದೆ. ನಿಪ್ಪಾಣಿಯಿಂದ ನಾ ಊರ ಮುಟ್ಟೂದರೊಳಗ ನಿಮ್ಮವ್ವ ಓಣಿ ತುಂಬ ಸಕ್ರಿ ಹಂಚಿದ್ಳು, ನನಗೂ ಒಂದ ಮುಟಿಗಿ ಕೊಟ್ಳು. ಬಾಯಾಗ ಸಕ್ರಿ ಇತ್ತೋ, ಹ್ಯಾಂಗ ಹೇಳಲಿ? ಕಪಾಳಕ್ಕ ಒಂದ ಬಿಡು. ಅಷ್ಟ ದೊಡ್ಡ ಕೈ ಅದಾವು ನಿನಗ. ಎತ್ತಿ ಒಗಿ ನನ್ನ. ಏನರ ಮಾಡೋ!

ಇದು... ಹುಬ್ಬಳ್ಳಿ ಗಾಡಿ. ಬರಲಿ, ಹೋಗಲಿ ಅದು. ಚೀಲ ಯಾಕ ತಗೊಂಡಿ? ಅಲ್ಲಿ ಯಾರೂ ಇಲ್ಲೋ! ಸಾಹೇಬ ಇಲ್ಲ, ಖುರ್ಚಿ ಇಲ್ಲ, ಏನಂದ್ರ ಏನಿಲ್ಲ! ಯಾರ ಮುಂದ ಇಂಗ್ಲೀಷ ಹೇಳ್ತಿ? ...ಹಾರಾ ಯಾಕ ತಗೀತಿ? ಊರ ಹಾಕಿದ ಹಾರಾ, ಇರಲಿ ಕೊಳ್ಳಾಗ... ಏ! ನನ್ನ ಕೊಳ್ಳಾಗ ಯಾಕಲೇ? ಬ್ಯಾಡೋ, ನಿನ್ನ ಕಾಲ ಬೀಳ್ತೀನಿ, ಬ್ಯಾಡ...

ಕಂಡಕ್ಟರ, ಗಂಟಿ ಹೊಡೀಬ್ಯಾಡ್ರಿ! ಅವನ್ನ ಇಳಸ್ರಿ! ಭೀಮಸಿ, ಕಿಡಕಿ ತೆಗಿಯೋ. ಈ ಕಡೆ ನೋಡು. ಸತ್ತೆವ್ವ ಯಡೂರ ಸ್ಟ್ಯಾಂಡಿನ್ಯಾಗ ಕುಂತಿರ್ತಾಳೋ, ಮಗನ್ನ ಚಂದಾಗಿ ಗಾಡಿ ಹತ್ತಿಸಿದ್ರಿಲ್ಲೋ ಅಂತ ನನ್ನ ಕೇಳಾಕ! ಈ ಹಾರಾ ಹಾಕ್ಕೊಂಡ ನಾ ಅಲ್ಲಿ ಹ್ಯಾಂಗ ಇಳೀಲೋ...