ಹನ್ನೊಂದರ ಘಳಿಗೆ

ಬಾಗ್ಲು ಹಾಕು ಮೊದ್ಲು! ಹಾಕು ಅಂದೆ. ಮಗುವಿನ ಅಜ್ಜಿ, ಆ ಮುದುಕಿ ಮುಂದೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿದ್ಯಂತೆ? ಯಾರನ್ನ ಕೇಳಿ, ಡಾಕ್ಟರ್ ಸೊ-ಹಾ? ನಾಳೆ ಆ ಬಗ್ಗಿದ ಸೊಂಟಾನೇ ಕೋರ್ಟಲ್ಲಿ ಸಾಕ್ಷಿ ಆಗುತ್ತೆ, ಗೊತ್ತಾ? ಯಾತಕ್ಕೆ ಕ್ಷಮೆ ಅಂತ ಬಾಯಿ ಬಿಡ್ಲಿಲ್ಲ ತಾನೆ? ಸದ್ಯ!

ಅದೇನು ಮುಖ ಮಾಡ್ತೀಯ? ಹೌದು, ನಾನೇ ಹೇಳ್ಕೊಟ್ಟಿದ್ದು. ಪ್ರತಿ ಸೋಮವಾರ ನಿಮ್ಮನ್ನೆಲ್ಲ ಕೂರಿಸ್ಕೊಂಡು ಬಾಯಿ ನೋಯೋವರೆಗೂ ಹೇಳಿದೀನಿ. ತಪ್ಪಾದ್ರೆ ಮನೆಯವರನ್ನ ಮೊದ್ಲು ಕೂರಿಸಿ, ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿ, ತಪ್ಪಿಗಿಂತ ಮುಚ್ಚಿಟ್ಟದ್ದಕ್ಕೇ ಜನ ಕೇಸು ಹಾಕೋದು ಅಂತ. ಆದ್ರೆ ಅದು... ಅದು ಪಾಠ ಕಣಮ್ಮ! ಈ ಆಸ್ಪತ್ರೆ ಕಟ್ಟಿದೋಳು ನಾನು. ಈ ಕಡೆ ಉಳಿದಿರೋ ಹೆರಿಗೆ ಆಸ್ಪತ್ರೆ ಇದೊಂದೇ. ಇದಕ್ಕೂ ಬೀಗ ಬಿದ್ರೆ ದ್ವೀಪದ ಹೆಂಗಸರು ದೋಣೀಲಿ ಹೆರಬೇಕಾ? ಹೇಳು!

ಮಗು ಬದುಕಿದೆ ತಾನೆ? ಗ್ವಾಂಗ್ಜು ನಗರದ ದೊಡ್ಡಾಸ್ಪತ್ರೇಲಿ ಉಸಿರಾಡೋ ಯಂತ್ರ ಹಾಕಿದಾರೆ, ಆದ್ರೂ ಬದುಕಿದೆ. ...ಅಳ್ಬೇಡ. ಅಳ್ಬೇಡ ಅಂದ್ನಲ್ಲ!

ಇದಕ್ಕೆಲ್ಲ ಆ ಮುದುಕೀನೇ ಕಾರಣ. ಜಾತಕ ನೋಡೋನ ಹತ್ರ ಹೋಗಿ ಮೊಮ್ಮಗ ಹುಟ್ಟೋ ಘಳಿಗೆ ತಂದೋಳು ಯಾರು? ನಾನಾ? ಹನ್ನೊಂದಾದ ಮೇಲೇ ಸೊಸೆ ಹೊಟ್ಟೆ ಕೊಯ್ಯಬೇಕಂತೆ, ಮುಂಚೆ ಹುಟ್ಟಿದ್ರೆ ಅಪ್ಪನಿಗೆ ಆಗಲ್ವಂತೆ! ಆಪರೇಷನ್ ಅಂದ್ರೆ ಸಾಕು, ಎಲ್ರೂ ಘಳಿಗೆ ತರ್ತಾರೆ, ನಾವೂ ಹೂಂ ಅಂತೀವಿ. ಇರ್ಲಿ. ಆದ್ರೆ ಮಗುವಿನ ಎದೆಬಡಿತ ಹತ್ತೂವರೆಗೇ ಇಳೀತಿದೆ ಅಂತ ಕಂಡವಳು ನೀನು. ಚಾಕು ಹಿಡಿದು ನಿಂತಿದ್ದವಳು ನೀನು. ಯಾಕೆ ಕೊಯ್ಲಿಲ್ಲ? ಕೈಗೆ ಲಕ್ವ ಹೊಡೆದಿತ್ತಾ?

...ಏನು ಹಾಗೆ ನೋಡ್ತೀಯ?

ನೋಡು, ಫೋನಲ್ಲಿ ಯಾರು ಏನಂದ್ರು ಅನ್ನೋದು ಈಗ ಬೇಡ. ಡಾಕ್ಟರಾದವಳಿಗೆ ಸ್ವಂತ ಬುದ್ಧಿ ಇರ್ಬೇಕು. 'ಇನ್ನು ಸ್ವಲ್ಪ ಹೊತ್ತು ತಾನೆ, ಕಾಯ್ತಿರು, ಆ ಮುದುಕಿ ರಂಪ ಮಾಡ್ತಾಳೆ' ಅಂತ ದೊಡ್ಡವರು ಅಂದ್ರೆ... ಅಂದ್ರೆ ಕಾದುಬಿಡೋದಾ? 'ಆಗಲ್ಲ ಮೇಡಂ' ಅನ್ನೋಕೆ ಬಾಯಿ ಇರ್ಲಿಲ್ವಾ?

...ಇರ್ಲಿಲ್ಲ. ಎಲ್ಲಿಂದ ಬರಬೇಕು? ನನಗೆ ಎದುರಾಡಿದ ನರ್ಸಿಗೆ ಹೋದ ತಿಂಗಳು ಏನು ಗತಿ ಕಾಣಿಸ್ದೆ ಅಂತ ನೀನೂ ನೋಡಿದೀಯಲ್ಲ.

ಅದೇನು ಸದ್ದು? ಮುದುಕೀನಾ? ಬಾಣಂತಿಗೆ ಅಂತ ತಂದ ಕಡಲಪಾಚಿ ಸಾರು ಹಿಡ್ಕೊಂಡು ಇನ್ನೂ ಅಲ್ಲೇ ನಿಂತಿದಾಳಾ? ಮಧ್ಯಾಹ್ನ ನನ್ನ ಕೈ ಹಿಡ್ಕೊಂಡು ಅಂದ್ಲು ಕಣೇ, 'ಘಳಿಗೆ ಕಾದ್ರಲ್ಲ ದೊಡ್ಡ ಡಾಕ್ಟ್ರೇ, ಅದಕ್ಕೇ ಮಗು ಉಳೀತು, ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ' ಅಂತ. ನಾನು... ನಾನು ತಲೆ ಆಡಿಸ್ದೆ.

ಏನಾದ್ರೂ ಅನ್ನು, ಸೊ-ಹಾ! ಬೈಯಿ! ನಿನ್ನ ದಮ್ಮಯ್ಯ... ಎಲ್ಲಿಗೆ ಹೊರಟೆ, ಅವಳ ಹತ್ರಾನಾ?

ಬಾಗ್ಲಿಂದ ಕೈ ತೆಗಿ. ತೆಗಿ ಅಂದೆ. ...ತೆಗಿಯೇ.

ಹೂಂ. ಕರಿ ಆ ಅಜ್ಜೀನ ಒಳಗೆ. ಆ ಪಾತ್ರೆ ಭಾರ ಇರುತ್ತೆ, ಕೈಯಿಂದ ಇಸ್ಕೋ. ಮೊದ್ಲು ಕೂರಿಸು.