ಕುದುರೆಯನ್ನು ನೋಡದ ಕ್ಲಾಸು

ಮಾನ್ಯ ಅಧ್ಯಕ್ಷರೇ, ನನ್ನ ಬಲಗಡೆ ಕೂತಿರುವ ಕಾರ್ಯದರ್ಶಿಗಳೇ, ದಿನವಿಡೀ ಬಿಸಿಲಲ್ಲಿ ನಿಂತು ತೀರ್ಪು ಕೊಟ್ಟ ತೀರ್ಪುಗಾರ ಅಮ್ಮನವರೇ, ಗೆದ್ದ ಸವಾರರೇ, ಗೆಲ್ಲದ ಸವಾರರೇ, ಅವರಿಗಿಂತ ಹೆಚ್ಚು ಬೆವರಿದ ಅವರ ಅಪ್ಪ ಅಮ್ಮಂದಿರೇ, ಲಾಯದ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದು ಕೊನೆಯ ಸಾಲಿನಲ್ಲಿ ಕೂತಿರುವ ಅಣ್ಣಂದಿರೇ, ಎಲ್ಲ ಸಭಿಕರೇ,

ಮೊದಲಿಗೇ ಹೇಳಿಬಿಡುತ್ತೇನೆ. ಈ ಮೈಕು ಆನ್ ಆಗಿದೆ. ನನಗೆ ಗೊತ್ತಿದೆ.

ನಕ್ಕಿರಿ. ನಗಬೇಕಾದ ಮಾತೇ. ಇಷ್ಟು ವರ್ಷ ಮೈಕ್ ಸೆಟ್ಟಿನ ಅಂಗಡಿ ನಡೆಸಿದವನು, ಈ ಕುದುರೆ ಪ್ರದರ್ಶನದಲ್ಲಿ ಪ್ರತಿ ವರ್ಷ ನಂಬರು ಕೂಗುವವನು, ಮೈಕು ಆನ್ ಇದೆಯೋ ಆಫ್ ಇದೆಯೋ ನೋಡದೆ ಬೆಳಿಗ್ಗೆ ಒಂದು ಮಾತಾಡಿಬಿಟ್ಟೆ. ಸ್ಪರ್ಧೆಗೆ ಬಂದ ಒಬ್ಬ ಹುಡುಗಿಯ ಬಗ್ಗೆ ಹಗುರವಾದ ಮಾತು. ಅದು ಮೈದಾನದ ನಾಲ್ಕು ಸ್ಪೀಕರ್ ಹಾರ್ನಿನಲ್ಲೂ ಹೋಯಿತು. ಅದೊಂದು ತಾಂತ್ರಿಕ ದೋಷ ಎಂದು ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿ ಆಗಲೇ ಹೇಳಿದ್ದಾರೆ. ಇನ್ನು ಆ ಸುದ್ದಿ ಬೇಡ ಎಂದೂ ಹೇಳಿದ್ದಾರೆ. ನಾನೂ ಎತ್ತುವುದಿಲ್ಲ.

ನನಗೆ ಕೊಟ್ಟ ಕೆಲಸ ಬೇರೆ. ಬಹುಮಾನ ಕೊಡುವ ಮೊದಲು ಯಾವ ಕ್ಲಾಸಿನಲ್ಲಿ ಏನನ್ನು ನೋಡುತ್ತಾರೆ ಎಂದು ಎಲ್ಲರಿಗೂ ತಿಳಿಸಿ ಎಂದಿದ್ದಾರೆ. ಕ್ಲಾಸು ಎಂದರೆ ನಮ್ಮಲ್ಲಿ ಒಂದೊಂದು ಬಗೆಯ ಸ್ಪರ್ಧೆ. ಅದು ತಿಳಿಯದೆ ಪ್ರತಿ ವರ್ಷ ಬಹುಮಾನದ ಹೊತ್ತಿಗೆ ಜಗಳ. ಹೋದ ವರ್ಷ ಒಬ್ಬ ಯಜಮಾನರು ನನ್ನ ಅಂಗಿ ಹಿಡಿದುಕೊಂಡೇ ಕೇಳಿದರು: "ಏನ್ರೀ ಮೈಕಣ್ಣ, ನಮ್ಮ ಕುದುರೆ ಬಾಗಿಲಷ್ಟು ಎತ್ತರ ಇದೆ, ಆ ಗಿಡ್ಡ ಕುದುರೆಗೆ ಹೇಗ್ರೀ ಮೊದಲ್ನೇದು ಕೊಟ್ರಿ?" ನಾನು ಕೊಟ್ಟದ್ದಲ್ಲ ಸ್ವಾಮಿ, ನಾನು ಕೂಗಿದ್ದು. ಆದರೆ ಕೂಗಿದವನ ಅಂಗಿಯೇ ಕೈಗೆ ಸಿಗುವುದು.

ಈ ವರ್ಷ ನನಗೆ ವೇದಿಕೆಯ ಮೇಲೆ ಕುರ್ಚಿ ಕೊಟ್ಟಿದ್ದಾರೆ. ಇದನ್ನು ಹೋದ ತಿಂಗಳೇ ತೀರ್ಮಾನ ಮಾಡಿದ್ದರಂತೆ. ಮೆತ್ತನೆಯ ಕುರ್ಚಿ. ಕೆಳಗೆ ಮೈಕಿನ ಯಂತ್ರದ ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯೇ ಇವತ್ತು ನನಗೆ ಚೆನ್ನಾಗಿತ್ತು ಅನ್ನಿಸುತ್ತಿದೆ. ಇರಲಿ.

ಮೊದಲನೆಯದು ಮೈಕಟ್ಟಿನ ಕ್ಲಾಸು. ಇದರಲ್ಲಿ ಜೀನು ಇಲ್ಲ, ಸವಾರನೂ ಇಲ್ಲ. ಕುದುರೆಯನ್ನು ಹಿಡಿದು ನಿಲ್ಲಿಸುತ್ತಾರೆ. ತೀರ್ಪುಗಾರ ಅಮ್ಮನವರು ಒಂದು ಸುತ್ತು ಬರುತ್ತಾರೆ. ಕಾಲು ನೆಟ್ಟಗಿದೆಯೇ, ಬೆನ್ನು ಸರಿಯಿದೆಯೇ, ಕುತ್ತಿಗೆ ಎಲ್ಲಿಂದ ಎದ್ದಿದೆ, ಗೊರಸು ಹೇಗಿದೆ, ಇಷ್ಟೇ. ಯಾರ ಕುದುರೆ ಎಂದು ಕೇಳುವುದಿಲ್ಲ. ಎತ್ತರವೊಂದನ್ನೇ ನೋಡುವುದೂ ಇಲ್ಲ. ಬಾಗಿಲು ಬೇಕಿದ್ದರೆ ಬಡಗಿಯ ಹತ್ತಿರ ಹೋಗಬೇಕು.

ಎರಡನೆಯದು ನಡತೆಯ ಕ್ಲಾಸು. ಇಲ್ಲಿ ಸವಾರ ಇರುತ್ತಾನೆ, ಆದರೆ ಅಂಕ ಕುದುರೆಗೆ. ಹೇಳಿದ ಮಾತು ಕೇಳುತ್ತದೆಯೇ, ಪಕ್ಕದ ಕುದುರೆಗೆ ಕಿವಿ ಹಿಂದೆ ಮಾಡುತ್ತದೆಯೇ, ಮೇಲೆ ಕೂತವನಿಗೆ ಹಾಯಾಗಿದೆಯೇ. ನಮ್ಮ ಮನೆಯವಳು ಒಮ್ಮೆ ಇದನ್ನು ಕೇಳಿ, "ಈ ಕ್ಲಾಸಿಗೆ ಗಂಡಸರನ್ನೂ ಸೇರಿಸ್ಬೇಕು ಕಣ್ರೀ" ಎಂದಿದ್ದಳು. ಅವಳು ಈ ಸಂಜೆ ಬಂದಿಲ್ಲ. ತಲೆನೋವು ಎಂದು ಅಧ್ಯಕ್ಷರಿಗೆ ಹೇಳಿದ್ದೇನೆ.

ಜಿಗಿತದ ಕ್ಲಾಸಿನಲ್ಲಿ ಜಗಳವೇ ಇಲ್ಲ. ಅಡ್ಡಗೋಲು ಬಿತ್ತೋ ಬಿದ್ದಿಲ್ಲವೋ, ಅಷ್ಟೇ. ಗೋಲಿಗೆ ದಾಕ್ಷಿಣ್ಯವಿಲ್ಲ.

ಇನ್ನು ಹಗ್ಗದ ಕ್ಲಾಸು. ಶಾಲೆಗೆ ಹೋಗದ ಚಿಕ್ಕ ಮಕ್ಕಳದು. ಮಗು ಕುದುರೆಯ ಮೇಲೆ ಕೂತಿರುತ್ತದೆ, ದೊಡ್ಡವರು ಹಗ್ಗ ಹಿಡಿದು ನಡೆಸುತ್ತಾರೆ. ಎಲ್ಲ ಮಕ್ಕಳಿಗೂ ರಿಬ್ಬನ್ನು. ನೋಡಲು ಸುಲಭ. ಆದರೆ ಹಗ್ಗ ಹಿಡಿದವರಿಗೆ ಒಂದು ನಿಯಮವಿದೆ. ಹಗ್ಗ ಸಡಿಲವಾಗಿರಬೇಕು. ಎಳೆದುಕೊಂಡು ಹೋಗಬಾರದು. ಬಿಟ್ಟುಬಿಡಲೂ ಬಾರದು.

ಬಹಳ ಹಿಂದೆ ಒಂದು ವರ್ಷ ಈ ಕ್ಲಾಸಿಗೆ ಒಂದು ಮಗು ಕಡಿಮೆ ಬಿತ್ತು. ಆಗಿನ ಕಾರ್ಯದರ್ಶಿಗಳು, "ಮೈಕಣ್ಣ, ನಿಮ್ಮ ಮಗೂನ ಕೂರಿಸ್ರೀ" ಎಂದರು. ಕೂರಿಸಿದೆವು. ಹಗ್ಗವನ್ನು ಲಾಯದ ಅಣ್ಣ ಹಿಡಿದ. ನಾನು ಹಿಡಿಯಲಿಲ್ಲ, ನಂಬರು ಕೂಗಬೇಕಿತ್ತಲ್ಲ. ಅವತ್ತು ನಾನು ಹೇಗೆ ಕೂಗಿದೆ ಗೊತ್ತೇ? "ಸವಾರಳು, ನನ್ನ ಮಗಳು! ನನ್ನ ಮಗಳು!" ಎಂದು, ಹಾರ್ನು ಕಿತ್ತುಹೋಗುವ ಹಾಗೆ. ಸುತ್ತ ನಿಂತವರೆಲ್ಲ ನಕ್ಕರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನ್ನ ಕೈಯಲ್ಲಿ ಮೈಕು ಬೇರೆ ಇತ್ತು.

ಅದು ಹಳೆಯ ಮಾತು. ಈಗ ಅವಳು ದೊಡ್ಡವಳು. ಬೇರೆ ಊರಿನಲ್ಲಿ ಲೆಕ್ಕಪತ್ರ ಓದುತ್ತಿದ್ದಾಳೆ. ಇದು ನಮ್ಮ ಕಾರ್ಯದರ್ಶಿಗಳಿಗೆ ಗೊತ್ತಿದೆ. ವರ್ಷ ವರ್ಷವೂ ಕೇಳುತ್ತಾರೆ, "ಮಗಳು ಹೇಗಿದ್ದಾಳೆ ಮೈಕಣ್ಣ?" ನಾನು ವರ್ಷ ವರ್ಷವೂ ಹೇಳುತ್ತೇನೆ, "ಓದ್ತಾ ಇದ್ದಾಳೆ ಸಾರ್." ಓದು ಸ್ವಲ್ಪ ಉದ್ದವಾಯಿತು ಎಂದು ಅವರಿಗೆ ಅನ್ನಿಸಿರಬಹುದು. ಅವರು ದೊಡ್ಡವರು, ಕೇಳಲಿಲ್ಲ.

ಎಲ್ಲಿದ್ದೆ? ಹಾಂ, ಕ್ಲಾಸು. ಕೊನೆಯದು ಸವಾರರ ಕ್ಲಾಸು.

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿಯುವುದು ಇದನ್ನೇ. ದಯವಿಟ್ಟು ಗಮನವಿಟ್ಟು ಕೇಳಿ. ಈ ಕ್ಲಾಸಿನಲ್ಲಿ ಕುದುರೆಗೆ ಅಂಕವಿಲ್ಲ. ಕುದುರೆ ಚೆಂದವೋ, ದುಬಾರಿಯೋ, ಮುದಿಯೋ, ಅದು ಲೆಕ್ಕಕ್ಕಿಲ್ಲ. ನಡಿಗೆ, ಕುಕ್ಕುಲೋಟ, ನಾಗಾಲೋಟ, ಮೂರನ್ನೂ ಮಾಡಿಸುತ್ತಾರೆ. ಆಗ ಸವಾರ ಹೇಗೆ ಕೂತಿದ್ದಾನೆ, ಬೆನ್ನು ಹೇಗಿದೆ, ಹಿಮ್ಮಡಿ ಕೆಳಗಿದೆಯೇ, ಕೈ ಮೆತ್ತಗಿದೆಯೇ, ಕಣ್ಣು ಎಲ್ಲಿದೆ. ಕಣ್ಣು ಕುದುರೆಯ ಎರಡು ಕಿವಿಗಳ ನಡುವಿನಿಂದ ಮುಂದೆ ನೋಡುತ್ತಿರಬೇಕು. ಯಾರು ಏನೇ ಕೂಗಿದರೂ ತಿರುಗಬಾರದು.

ಈ ನಿಯಮವನ್ನು ನಾನು ಊಟಕ್ಕೆ ಕೂತಾಗಲೂ ಓದುತ್ತಿದ್ದೆ. ಪ್ರದರ್ಶನ ಹತ್ತಿರ ಬಂದಾಗ ಗಂಟಲು ಸರಿಮಾಡಿಕೊಳ್ಳಬೇಕಲ್ಲ. ಮನೆಯವಳು ಬೈಯುತ್ತಿದ್ದಳು: "ತಟ್ಟೆ ಮುಂದೆ ಕೂಗ್ಬೇಡ್ರೀ. ತುತ್ತಿಗೂ ನಂಬರು ಕೊಡ್ತೀರಾ?" ಆದರೆ ಎದುರಿಗೆ ಕೂತವಳು ಊಟ ಬಿಟ್ಟು ಕೇಳುತ್ತಿದ್ದಳು.

"ಅಪ್ಪಾ, ಕುದುರೆ ಮುದಿಯಾದ್ರೂ ಪರವಾಗಿಲ್ವಾ?"

"ಆ ಕ್ಲಾಸಲ್ಲಿ ಕುದುರೆನ ಯಾರು ನೋಡ್ತಾರೆ? ನೀನು ಕತ್ತೆ ಮೇಲೆ ಕೂತ್ರೂ ನಿನ್ನನ್ನೇ ನೋಡ್ತಾರೆ."

"ನಿಜವಾಗ್ಲೂ?"

"ನಿಯಮ ಕಣೇ. ನಿಮ್ಮಪ್ಪ ಮೈಕಲ್ಲಿ ಓದೋ ನಿಯಮ."

ಇದು ಹೋದ ವಾರದ ಮಾತು.

ಅಧ್ಯಕ್ಷರು ನನ್ನನ್ನು ನೋಡುತ್ತಿದ್ದಾರೆ. ಬೇರೆ ಊರಿನಲ್ಲಿ ಓದುವ ಮಗಳು ಹೋದ ವಾರ ಮನೆಯಲ್ಲಿ ಹೇಗೆ ಊಟಕ್ಕೆ ಕೂತಳು ಎಂದು ಅವರು ಕೇಳಬಹುದು. ಕೇಳಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತು ಒಂದೇ ದಿನಕ್ಕೆ ನನ್ನ ಬಾಯಿಂದ ಎಷ್ಟು ಮುತ್ತು ಒಡೆದವೋ.

ಸ್ವಾಮಿ, ಅವಳು ಓದುತ್ತಿಲ್ಲ. ಹೋದದ್ದು ನಿಜ. ಒಂದು ವರ್ಷಕ್ಕೆ ಪೆಟ್ಟಿಗೆ ಹಿಡಿದು ವಾಪಸು ಬಂದಳು. "ಅಂಕಿ ನೋಡ್ತಾ ಕೂತ್ರೆ ಉಸಿರು ಕಟ್ಟತ್ತಪ್ಪಾ" ಎಂದಳು. ನಮ್ಮ ಬೀದಿಯ ಕೊನೆಯಲ್ಲಿರುವ ಬೇಕರಿಯಲ್ಲಿ ಬ್ರೆಡ್ಡಿನ ಗಾಡಿ ಓಡಿಸುವ ಕೆಲಸ ಹಿಡಿದಳು. ಬೆಳಗಿನ ಜಾವ ಎದ್ದು ಕುದುರೆಗೆ ಮೈ ಉಜ್ಜುತ್ತಾಳೆ, ಮೇವು ಹಾಕುತ್ತಾಳೆ, ಗಾಡಿ ಕಟ್ಟುತ್ತಾಳೆ. ಮಧ್ಯಾಹ್ನ ಗಾಡಿ ಬಿಚ್ಚಿದ ಮೇಲೆ, ಸಂಜೆಯ ಸುತ್ತಿಗೆ ಮೊದಲು, ಬೇಕರಿಯ ಹಿತ್ತಿಲಲ್ಲಿ ಅದೇ ಕುದುರೆಯ ಮೇಲೆ ಕೂತು ಸುತ್ತು ಹಾಕುತ್ತಾಳೆ. ಆ ಕುದುರೆಗೆ ಬೀದಿಯವರು ಇಟ್ಟ ಹೆಸರು ತಾತ.

ಕಳ್ಳತನವೇ ಅದು? ಅಲ್ಲ. ಯಾರಿಗಾದರೂ ಮೋಸವೇ? ಅಲ್ಲ. ಹಾಗಾದರೆ ನನಗೆ ಯಾಕೆ ಅಷ್ಟು ನಾಚಿಕೆ? ಈ ಪ್ರಶ್ನೆಯನ್ನು ನಾನು ನಿಮಗೆ ಕೇಳುತ್ತಿಲ್ಲ, ನನಗೇ ಕೇಳಿಕೊಳ್ಳುತ್ತಿದ್ದೇನೆ. ನೀವು ನನಗೆ ಕೋಟು ಹೊಲಿಸಿಕೊಟ್ಟಿರಿ. ಕಾರ್ಯದರ್ಶಿಗಳ ಪಕ್ಕದಲ್ಲಿ ಕೂರಿಸಿದಿರಿ. ಇಲ್ಲಿ ಮಕ್ಕಳ ಸುದ್ದಿ ಬಂದಾಗ ಒಬ್ಬರ ಮಗ ಡಾಕ್ಟರು, ಒಬ್ಬರ ಮಗಳು ವಕೀಲೆ. ಅದರ ನಡುವೆ ಬ್ರೆಡ್ಡಿನ ಗಾಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪ್ರದರ್ಶನದ ವಾರ ಈ ರಸ್ತೆಗೆ ಗಾಡಿ ತರಬೇಡ, ಹಿಂದಿನ ಓಣಿಯಿಂದ ಹೋಗು ಎಂದು ಅವಳಿಗೆ ಹೇಳುತ್ತಿದ್ದೆ. "ಆಯ್ತಪ್ಪ" ಎನ್ನುತ್ತಿದ್ದಳು. ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳದಿದ್ದದ್ದು ತಿಳಿಯದೆ ಅಲ್ಲ.

ಇವತ್ತು ಬೆಳಿಗ್ಗೆ ಸವಾರರ ಕ್ಲಾಸಿಗೆ ಬೇಕರಿಯ ಹೆಸರಿನಲ್ಲಿ ನಂಬರು ಏಳು ಒಳಗೆ ಬಂತು. ನನಗೆ ಮೊದಲೇ ತಿಳಿದಿರಲಿಲ್ಲ. ತಾತನ ಮೈ ಮಿಂಚುತ್ತಿತ್ತು. ಅವಳ ಬೂಟು ಯಾರದೋ, ಕಾಲಿಗಿಂತ ದೊಡ್ಡದು. ಬೆನ್ನು ಮಾತ್ರ, ಸ್ವಾಮಿ, ನೂಲು ಹಿಡಿದು ನಿಲ್ಲಿಸಿದ ಹಾಗಿತ್ತು.

ಆಮೇಲೆ ಆದದ್ದನ್ನು ನೀವೆಲ್ಲ ನೋಡಿದಿರಿ. ಬ್ರೆಡ್ಡಿನ ಗಾಡಿಯ ಕುದುರೆಗೆ ಮನೆ ಮನೆಯ ಮುಂದೆ ನಿಂತೇ ಅಭ್ಯಾಸ. ಮೈದಾನದ ಅಂಚಿನಲ್ಲಿ ಬಾವುಟದ ಕಂಬ ನೆಟ್ಟಿದ್ದೇವಲ್ಲ, ತಾತನಿಗೆ ಅವೆಲ್ಲ ಗೇಟುಗಳಂತೆ ಕಂಡವು. ಒಂದೊಂದು ಕಂಬದ ಮುಂದೂ ನಿಂತ. ಜನ ನಕ್ಕರು. ಯಾರೋ "ಎರಡು ಬ್ರೆಡ್ಡು ಕೊಡಮ್ಮಾ!" ಎಂದು ಕೂಗಿದರು. ಇನ್ನೊಬ್ಬರು, "ನಿನ್ನೆಯದು ಬೇಡ, ಬಿಸೀದು ಕೊಡು!" ಎಂದರು. ಅವಳು ತಿರುಗಲಿಲ್ಲ. ತಾತ ನಿಂತಾಗ ನೆಟ್ಟಗೆ ಕೂತಳು, ಕಾಲಿನಿಂದ ಮೆಲ್ಲಗೆ ತಿಳಿಸಿದಳು, ತಾತ ಹೊರಟ. ಮತ್ತೆ ನಿಂತ, ಮತ್ತೆ ತಿಳಿಸಿದಳು.

ಆಗ ಕಾರ್ಯದರ್ಶಿಗಳು ನಗುತ್ತಾ ನನ್ನ ಕಡೆ ಬಗ್ಗಿ ಕೇಳಿದರು. "ಯಾರ್ರೀ ಮೈಕಣ್ಣ ಈ ಹುಡುಗಿ? ನಿಮ್ಮ ಕಡೆಯವಳಾ?" ಅವರು ಕೇಳಿದ್ದು ನಮ್ಮ ಬೀದಿಯವಳಾ ಎಂದು. ಅವರ ತಪ್ಪಿಲ್ಲ.

ನಾನು ಅಂಗೈಯಿಂದ ಮೈಕು ಮುಚ್ಚಿದೆ. ಸ್ವಿಚ್ಚು ಒತ್ತಲಿಲ್ಲ, ಮುಚ್ಚಿದೆ. ಕೈಯಿಂದ ಮುಚ್ಚಿದರೆ ಸದ್ದು ನಿಲ್ಲುವುದಿಲ್ಲ, ಇನ್ನೂ ದಪ್ಪವಾಗಿ ಹೋಗುತ್ತದೆ. ಬಾಡಿಗೆಗೆ ಮೈಕು ಕೊಡುವಾಗ ಎಲ್ಲರಿಗೂ ಮೊದಲು ಹೇಳಿಕೊಡುವ ಪಾಠ ಅದು. ನಾಚಿಕೆ ನುಗ್ಗಿ ಬಂದಾಗ ಕಲಿತದ್ದು ಎಲ್ಲಿ ನೆನಪಿರುತ್ತದೆ? ಹೇಳಿದೆ: "ನಮ್ಮ ಕಡೆಯವಳಾ? ಛೇ ಛೇ. ಯಾರೋ ಗೊತ್ತಿಲ್ಲ ಸಾರ್. ಯಾರೋ ಬ್ರೆಡ್ಡು ಮಾರೋ ಹುಡುಗಿ."

ನಾಲ್ಕು ಹಾರ್ನು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ನಾನೇ ಕಟ್ಟಿದ್ದು.

ನಿಮಗೆ ಅದು ಬರೀ ತಮಾಷೆಯಾಗಿ ಕೇಳಿಸಿತು, ನಕ್ಕಿರಿ. ಕೊನೆಯ ಸಾಲಿನ ಅಣ್ಣಂದಿರು ನಗಲಿಲ್ಲ. ಅವಳಿಗೆ ಜೀನು ಕೊಟ್ಟವರು ಅವರು, ಅವಳು ಯಾರೆಂದು ಅವರಿಗೆ ಗೊತ್ತು. ಬೇಲಿಯ ಹತ್ತಿರ ನಿಂತಿದ್ದ ನನ್ನ ಮನೆಯವಳು ಸೆರಗು ಬಾಯಿಗೆ ಹಿಡಿದು ಹೊರಟುಹೋದಳು. ಮತ್ತೆ ಅವಳು, ನಂಬರು ಏಳು? ತಿರುಗಲಿಲ್ಲ. ಎರಡು ಕಿವಿಗಳ ನಡುವಿನಿಂದ ಮುಂದೆ ನೋಡುತ್ತಲೇ ಇದ್ದಳು. ನಿಯಮ ಅದು. ಅವರಪ್ಪ ಹೇಳಿಕೊಟ್ಟ ನಿಯಮ.

ಮಧ್ಯಾಹ್ನ ಮನೆಗೆ ಹೋದೆ. ಮಗಳು ಇರಲಿಲ್ಲ, ಸಂಜೆಯ ಬ್ರೆಡ್ಡು ತುಂಬಲು ಹೋಗಿದ್ದಳು. ಮನೆಯವಳ ಹತ್ತಿರ ಏನೋ ಹೇಳಲು ಬಾಯಿ ತೆರೆದೆ. ಅವಳು ತಿರುಗದೆಯೇ ಅಂದಳು: "ನಾಲ್ಕು ಹಾರ್ನಲ್ಲಿ ಕೂಗಿ ಹೇಳಿದ್ರಲ್ಲ. ಈಗ ಬಂದು ನನ್ನ ಕಿವೀಲಿ ಪಿಸುಗುಟ್ಟಬೇಡಿ." ಅವಳಿಗೆ ತಲೆನೋವಿಲ್ಲ ಅಧ್ಯಕ್ಷರೇ. ಕ್ಷಮಿಸಬೇಕು.

ಸಂಜೆ ಇಲ್ಲಿಗೆ ಬಂದಾಗ ಅಮ್ಮನವರು ಫಲಿತಾಂಶ ಕೈಗಿಟ್ಟರು. ಸವಾರರ ಕ್ಲಾಸಿನಲ್ಲಿ ನಂಬರು ಏಳಕ್ಕೆ ನಾಲ್ಕನೆಯ ಸ್ಥಾನ. ನನಗೆ ನಂಬಿಕೆ ಬರಲಿಲ್ಲ. "ಅಮ್ಮಾ, ಆ ಕುದುರೆ ಅಷ್ಟು ಸಲ ನಿಂತಿತಲ್ಲ?" ಎಂದೆ. ಅವರು ಹೇಳಿದರು: "ನಿಂತಿದ್ದು ಕುದುರೆ. ಅಷ್ಟು ಸಲ ನಿಂತ್ರೂ ಆ ಹುಡುಗಿ ಒಂದು ಸಲಾನೂ ಅದರ ಬಾಯಿ ಎಳೀಲಿಲ್ಲ. ಅಷ್ಟು ಜನ ನಗ್ತಾ ಇರುವಾಗ ಸಿಟ್ಟನ್ನ ಕುದುರೆ ಮೇಲೆ ತೀರಿಸ್ಕೊಳ್ದೇ ಇರೋದು ಸುಲಭ ಅಲ್ಲ. ಯಾರು ಕಲಿಸಿದ್ರೋ." ನಾನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ಅಲ್ಲಿಯೂ ಹೇಳಲಿಲ್ಲ.

ನಾಲ್ಕನೆಯ ಸ್ಥಾನಕ್ಕೆ ಟ್ರೋಫಿ ಇಲ್ಲ. ಒಂದು ಬಿಳಿ ರಿಬ್ಬನ್ನು, ಅಷ್ಟೇ. ಅದನ್ನು ತೆಗೆದುಕೊಳ್ಳಲು ಅವಳು ಈ ಸಭೆಯಲ್ಲಿ ಇಲ್ಲ. ಈ ಹೊತ್ತಿಗೆ ಅವಳ ಗಾಡಿ ಇದೇ ಸಭಾಂಗಣದ ಗೋಡೆಯ ಹಿಂದಿನ ಓಣಿಯಲ್ಲಿ ಹೋಗುತ್ತದೆ. ನಾನು ಹೇಳಿದ ಓಣಿಯಲ್ಲಿ.

ಅಧ್ಯಕ್ಷರೇ, ಒಂದು ಅಪ್ಪಣೆ ಬೇಕು. ಬಹುಮಾನಗಳನ್ನು ಕಾರ್ಯದರ್ಶಿಗಳು ಕ್ರಮವಾಗಿ ಕೊಡಲಿ. ಒಂದನ್ನು ಮಾತ್ರ ನಾನು ಮೊದಲೇ ಕೂಗುತ್ತೇನೆ. ಮೈದಾನದ ಹಾರ್ನುಗಳನ್ನು ಇನ್ನೂ ಬಿಚ್ಚಿಲ್ಲ. ಭಾಷಣ ಶುರುವಾಗುವ ಮೊದಲು ನಾನೇ ಅವನ್ನು ಆಫ್ ಮಾಡಿದ್ದೆ, ಹೆದರಿಕೆಯಿಂದ. ಸ್ವಿಚ್ಚು ಇಲ್ಲೇ ಕೆಳಗಿದೆ. ಒಂದು ನಿಮಿಷ.

ಹಾಂ. ಬೆಳಿಗ್ಗೆ ಆಫ್ ಮಾಡಲು ಮರೆತಿದ್ದೆ. ಈಗ ತಿಳಿದೇ ಆನ್ ಮಾಡಿದ್ದೇನೆ. ಹೊರಗೆ ಕೇಳಿಸುತ್ತಿದೆಯೇ? ಬಾಗಿಲ ಹತ್ತಿರ ನಿಂತವರು ತಲೆ ಆಡಿಸುತ್ತಿದ್ದಾರೆ.

ಸವಾರರ ಕ್ಲಾಸು. ನಾಲ್ಕನೆಯ ಸ್ಥಾನ. ನಂಬರು ಏಳು. ಕುದುರೆ, ತಾತ. ಮಾಲೀಕರು, ಬೇಕರಿಯವರು. ಸವಾರಳು, ನನ್ನ ಮಗಳು. ಬ್ರೆಡ್ಡಿನ ಗಾಡಿ ಓಡಿಸುತ್ತಾಳೆ. ನನ್ನ ಮಗಳು.

ಅಮ್ಮನವರು ಯಾರು ಕಲಿಸಿದರೋ ಎಂದು ಕೇಳಿದ್ದರು. ನಾನು ಕಲಿಸಿದ್ದು ನಿಯಮ. ಕೈ ಮೆತ್ತಗಿಟ್ಟುಕೊಳ್ಳುವುದನ್ನು ಅವಳೇ ಕಲಿತದ್ದು.

ಗಂಟೆ ಕೇಳಿಸುತ್ತಿದೆಯೇ ನಿಮಗೆ? ಗಾಡಿಯ ಗಂಟೆ. ಸ್ವಲ್ಪ ಸದ್ದು ಮಾಡದೆ ಕೂರಿ.

ನಿಂತಿತು.

ತಾತ ಎಲ್ಲೆಂದರಲ್ಲಿ ನಿಲ್ಲುತ್ತಾನೆ, ನೀವೇ ಬೆಳಿಗ್ಗೆ ನೋಡಿದ್ದೀರಿ. ಅದಕ್ಕೆ ನಾನು ಅರ್ಥ ಕಟ್ಟಬಾರದು. ಆದರೆ ಹಿಂದಿನ ಓಣಿ ಉದ್ದಕ್ಕೂ ಉಗ್ರಾಣದ ಗೋಡೆ. ಅಲ್ಲಿ ಬ್ರೆಡ್ಡು ಕೊಳ್ಳುವ ಮನೆ ಒಂದೂ ಇಲ್ಲ.

ಅವಳು ಒಳಗೆ ಬಂದು ರಿಬ್ಬನ್ನು ತೆಗೆದುಕೊಳ್ಳುತ್ತಾಳೋ ಇಲ್ಲವೋ ಗೊತ್ತಿಲ್ಲ. ಈ ಸಲ ಗೊತ್ತಿಲ್ಲ ಎನ್ನುವುದು ನಿಜ. ಬರುವುದಾದರೆ ಕುದುರೆಯನ್ನು ಬೀದಿಯಲ್ಲಿ ಬಿಟ್ಟು ಬರುವವಳಲ್ಲ ಅವಳು. ಅಷ್ಟು ಹೊತ್ತು ಯಾರಾದರೂ ಹಗ್ಗ ಹಿಡಿದು ನಿಲ್ಲಬೇಕು. ಸಡಿಲವಾಗಿ ಹಿಡಿಯಬೇಕು, ನಿಯಮ ನನಗೆ ಗೊತ್ತಿದೆ.

ಈ ಕುರ್ಚಿ ಕೊಟ್ಟದ್ದಕ್ಕೆ ಅಧ್ಯಕ್ಷರಿಗೆ, ಕೇಳಬೇಕಾದ್ದನ್ನೂ ಕೇಳಬಾರದ್ದನ್ನೂ ಕೂತು ಕೇಳಿದ ನಿಮಗೆ, ಜೀನು ಕೊಟ್ಟ ಲಾಯದ ಅಣ್ಣಂದಿರಿಗೆ ನನ್ನ ಕೃತಜ್ಞತೆಗಳು. ಮೈಕು ಆನ್ ಇರಲಿ, ಯಾರೂ ಆಫ್ ಮಾಡಬೇಡಿ. ನಾನು ಹಿಂದಿನ ಬಾಗಿಲಿನಿಂದ ಹೋಗುತ್ತೇನೆ. ಎಲ್ಲರಿಗೂ ನಮಸ್ಕಾರ.