ರೇಚಲ್ ಆಂಟಿಯ ಲವಂಗ

ಆ ಲೈಟ್ ಆರಿಸಿ. ನಗಬೇಡಿ. ನಾನು ಸುಳ್ಳು ಹೇಳೋನಾಗಿದ್ದರೆ ಇಷ್ಟೊತ್ತಿಗೆ ಸೆಂಟೋಸಾದಲ್ಲಿ ಬಂಗಲೆ ಕಟ್ಟಿಸಿರುತ್ತಿದ್ದೆ. ಇದು ನನ್ನ ಚಿಕ್ಕಪ್ಪನ ಮಗ ಉಮೇಶನಿಗೆ ಇದೇ ಸಿಂಗಪುರದ ಆಂಗ್ ಮೋ ಕಿಯೋದಲ್ಲಿ ಆದದ್ದು.

ಉಮೇಶ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡೋನು. ಬೆಸುಗೆಯಲ್ಲಿ ಅವನ ಕೈ ಅಂದರೆ ಕೈ... ನನ್ನದರಲ್ಲಿ ಅರ್ಧ. ಪಕ್ಕದ ಬ್ಲಾಕಿನ ಯಹೂದಿ ಮುದುಕರು, ಎಜ್ರಾ ಅಂಕಲ್, ಅವನಿಗೊಂದು ಹಳೇ ಬೆಳ್ಳಿ ಡಬ್ಬಿ ಕೊಟ್ಟಿದ್ದರು, ಸಡಿಲಾದ ಬಾಗಿಲು ಕೂರಿಸಿಕೊಡು ಅಂತ. ಗೇಣುದ್ದದ ಗೋಪುರ. ಕೂದಲೆಳೆಯಂಥ ತಂತಿ ಹೊಸೆದು, ಸುರುಳಿ ಸುತ್ತಿ, ಜೇಡರ ಬಲೆ ಹಾಗೆ ನೇಯ್ದದ್ದು. ಮೂಲೆಮೂಲೆಗೂ ಜೋಳದ ಕಾಳಿನಷ್ಟು ಗಂಟೆ. ಒಳಗೆ ಲವಂಗ. ಶನಿವಾರ ಸಂಜೆ ಅವರ ವಿಶ್ರಾಂತಿ ದಿನ ಸಬ್ಬತ್ ಮುಗಿಯುವಾಗ ಅದನ್ನು ಮೂಸಿ ಹೊಸ ವಾರಕ್ಕೆ ಕಾಲಿಡುವುದು ಪದ್ಧತಿ.

"ಲವಂಗ ನನ್ನ ರೇಚಲ್ ತುಂಬಿದ್ದು," ಅಂದಿದ್ದರಂತೆ. "ಅವಳು ಹೋದಮೇಲೆ ಉಳಿದಿರೋದು ಆ ವಾಸನೆ ಒಂದೇ. ಶನಿವಾರಕ್ಕೆ ಬೇಕೇ ಬೇಕು."

ಶುಕ್ರವಾರ ರಾತ್ರಿ. ಉಮೇಶ ಶಿಫ್ಟ್ ಮುಗಿಸಿ ಬರುತ್ತಿದ್ದ. ಬ್ಲಾಕಿನ ಹಿಂದಿನ ಆಲದ ಮರದಡಿ ಬಂದಾಗ ಬೆನ್ನ ಹಿಂದೆ... ಕಿಣ್. ನಿಂತ. ಅದೂ ನಿಂತಿತು. ಹೆಜ್ಜೆ ಇಟ್ಟ... ಕಿಣ್, ಕಿಣ್. ನಾನಾಗಿದ್ದರೆ ತಿರುಗಿ ಊರು, ಹೆಸರು ವಿಚಾರಿಸುತ್ತಿದ್ದೆ. ಅವನು ಓಡಿದ.

ಮನೆಗೆ ಬಂದರೆ, ಬಾಗಿಲು ಕೂರಿಸಿ ಇಟ್ಟುಹೋಗಿದ್ದ ಡಬ್ಬಿ ದೇವರ ಗೂಡಿನಲ್ಲಿ ಫಳಫಳ ಹೊಳೆಯುತ್ತಿದೆ!

"ಎಂಥಾ ಚೆಂದದ ಕುಂಕುಮಭರಣಿ ರೀ!" ಅಂದಳು ಹೆಂಡತಿ ನಳಿನಿ. "ಕಪ್ಪಾಗಿತ್ತು, ವಿಭೂತಿ ಹಾಕಿ ಉಜ್ಜಿ ಕುಂಕುಮ ತುಂಬಿಟ್ಟೆ."

"ಒಳಗಿದ್ದ ಲವಂಗ?"

"ಆ ಒಣಕಲಾ? ಅಡುಗೆಮನೆ ಗೋಡೇಲಿರೋ ಕಸದ ಚೂಟ್‌ಗೆ ಹಾಕ್ದೆ. ಕೆಳಗೆ ಹೋಯ್ತು."

ಉಮೇಶ ಚೂಟ್ ಮುಚ್ಚಳ ತೆಗೆದು ಇಣುಕಿ, ಮತ್ತೆ ಮುಚ್ಚಿದ. "ಅಯ್ಯೋ, ಅದು ಆ ಮುದುಕರ ಹೆಂಡತಿ ಕಣೇ..."

ಆಗ ಚೂಟ್ ಒಳಗೆ, ಎಲ್ಲೋ ಆಳದಲ್ಲಿ... ಕಿಣ್.

"ಇಲಿ," ಪಿಸುಗುಟ್ಟಿದಳು ನಳಿನಿ.

"ಇಲಿಗೆ ಗೆಜ್ಜೆ ಕಟ್ಟಿದ್ದು ಯಾರೇ?"

ಸದ್ದು ಒಂದೊಂದೇ ಮಹಡಿ ಹತ್ತುತ್ತಿತ್ತು. ಕಿಣ್... ನಡುವೆ ಸಿಮೆಂಟಿನ ಮೇಲೆ ಉಗುರು ಎಳೆದಂತೆ ಕರ್‌ರ್... ಗೂಡಿನಲ್ಲಿದ್ದ ಡಬ್ಬಿಯ ಗಂಟೆಗಳು ಮಾತ್ರ ಅಲುಗಾಡುತ್ತಿಲ್ಲ. ಕೊನೆಗೆ ಚೂಟ್ ಮುಚ್ಚಳದ ಮೇಲೆ, ಒಳಗಿನಿಂದ... ಟಕ್. ಟಕ್.

ನಳಿನಿ ಕುಂಕುಮ ಹೊರಗೆ ಸುರಿದು, ಡಬ್ಬಿ ಒರೆಸಿ, ಅದರ ಬಾಗಿಲು ತೆರೆದು ಚೂಟ್ ಮುಂದೆ ಇಟ್ಟಳು. "ಆಂಟಿ... ಗೊತ್ತಾಗ್ಲಿಲ್ಲ. ತಪ್ಪಾಯ್ತು."

ಇಬ್ಬರೂ ರೂಮಿಗೆ ನುಗ್ಗಿ ಚಿಲಕ ಹಾಕಿಕೊಂಡರು. ಅತ್ತ ಮುಚ್ಚಳ ಕ್ರೀ... ಅಂತ ತೆರೆದುಕೊಂಡಿತು.

ಬೆಳಗ್ಗೆ ಡಬ್ಬಿ ಅಲ್ಲೇ ಇತ್ತು. ಅದರ ಬಾಗಿಲು ಮುಚ್ಚಿತ್ತು. ತೆರೆದು ನೋಡೋ ಧೈರ್ಯ ಉಮೇಶನಿಗೆಲ್ಲಿ? ಸಂಜೆ ಹಾಗೇ ಒಯ್ದು, ತಲೆ ತಗ್ಗಿಸಿ ಎಲ್ಲಾ ಹೇಳಿಬಿಟ್ಟ.

ಎಜ್ರಾ ಅಂಕಲ್ ಬೈಯಲಿಲ್ಲ. "ಗೊತ್ತು ಲಾ," ಅಂದರು ಸಿಂಗಪುರದ ಧಾಟಿಯಲ್ಲಿ. "ನಿನ್ನೆ ರಾತ್ರಿ ಅವಳು ಮನೇಲಿರಲಿಲ್ಲ."

ಬೆಳ್ಳಿಯ ಬಾಗಿಲು ತೆರೆದು ಮೂಸಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದರು. ಆಮೇಲೆ ಒಳಗಿಂದ ಒಂದು ಲವಂಗ ತೆಗೆದು ಉಮೇಶನ ಅಂಗೈಗೆ ಹಾಕಿದರು.

ಒಣಗಿದ್ದಲ್ಲ... ಹಸೀದು.

ನಂಬಲ್ವಾ? ನಂಬಬೇಡಿ, ನಡೆದದ್ದಂತೂ ನಡೆದದ್ದೇ. ಟೆಕ್ಕಾ ಮಾರ್ಕೆಟ್ ಪೂರ್ತಿ ಸುತ್ತಿದೆ, ಹಸಿ ಲವಂಗ ಒಂದು ಅಂಗಡಿಯಲ್ಲೂ ಇಲ್ಲ. ಉಮೇಶ ತಂದದ್ದನ್ನು ನಾನೇ ಕಚ್ಚಿದೆ. ನಾಲಗೆ ಜೋಮು ಹಿಡಿಯಿತು. ತೊಟ್ಟಿನಲ್ಲಿ ಇನ್ನೂ ಒಂದು ಎಲೆ ಇತ್ತು.